ಅಕ್ಕನ ಪಥ್ಯ

ಬೆಳಿಗ್ಗೆ ಕಬಕ ಪೇಟೆಯಲ್ಲಿ ಬೂತಾಯಿ ಮೀನು ಚೀಲಕ್ಕೆ ಹಾಕಿಸಿಕೊಳ್ಳುವಾಗ ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ಹೊಟ್ಟೆ ಉರಿಯಿತು. ಮೀನೆಂದರೆ ಬಾಯಲ್ಲಿ ನೀರೂರುವ ಊರಿನವಳು ನಾನು. ಆದರೂ ಬೂತಾಯಿ ಕಂಡರೆ ನನಗೆ ಸಿಟ್ಟೇ ಬರುವುದು.

ಅಕ್ಕನನ್ನು ಕೊಟ್ಟದ್ದು ಅರಂತೋಡಿಗೆ. ಹುಳಿ-ಖಾರ ಹಾಕಿದ ಬೂತಾಯಿ ಪುಳಿಮುಂಚಿ ಇದ್ದರೆ ಅವಳಿಗೆ ಬೇರೆ ಹಬ್ಬ ಬೇಡ. ಅವಳ ಲಿವರಿನ ಬಲಭಾಗದಲ್ಲಿ ಗಡ್ಡೆ ಕಂಡಿತು. ಅದನ್ನು ಕತ್ತರಿಸಿದರೆ ಉಳಿಯುವ ಎಡಭಾಗ ಜೀವ ಹಿಡಿಯಲಿಕ್ಕೆ ಸಾಲದು ಎಂದರು ಮಂಗಳೂರಿನ ಡಾಕ್ಟರು. ಹಾಗಾಗಿ ಮೊದಲು ಬಲಕ್ಕೆ ಹೋಗುವ ರಕ್ತನಾಳ ಮುಚ್ಚುವುದು. ರಕ್ತ ಎಡಕ್ಕೆ ತಿರುಗಿ ಕೆಲವು ವಾರಗಳಲ್ಲಿ ಆ ಭಾಗ ಬೆಳೆಯುತ್ತದೆ. ಬೆಳೆದರೆ ಆಪರೇಶನ್.

"ತೋಡಿಗೆ ಕಟ್ಟ ಹಾಕಿ ನೀರು ತಿರುಗಿಸಿದ ಹಾಗೆ ಅಲ್ವಾ ಡಾಕ್ಟ್ರೆ?" ಎಂದರು ಭಾವ. ಎಷ್ಟು ಚಂದ ಅರ್ಥ ಮಾಡಿಕೊಂಡರು ಮಾರಾಯ್ರೆ! ನಾಳ ಮುಚ್ಚಿ ಮನೆಗೆ ಕಳಿಸುವಾಗ ಡಾಕ್ಟರು, ಎಡಭಾಗ ಬೆಳೆಯಬೇಕಾದರೆ ಮೀನು, ಮೊಟ್ಟೆ ಚೆನ್ನಾಗಿ ತಿನ್ನಬೇಕು ಎಂದ ಮಾತು ಮಾತ್ರ ಪುತ್ತೂರು ದಾಟುವುದರೊಳಗೆ ಗಾಳಿಗೆ ಹೋಯಿತು.

ನಮ್ಮ ಕಡೆ ಲಿವರ್ ಎಂದರೆ ಕಾಮಾಲೆ, ಕಾಮಾಲೆ ಎಂದರೆ ಪಥ್ಯ. ಅಕ್ಕನ ಅತ್ತೆ ಉಪ್ಪಿಲ್ಲದ ಗಂಜಿ, ನೆಲನೆಲ್ಲಿ ಅರೆದ ಮಜ್ಜಿಗೆ ಶುರು ಮಾಡಿದರು. ನಾನು ಬೂತಾಯಿ ಹೊತ್ತುಕೊಂಡು ಹೋದರೆ, "ಅವಳನ್ನು ಕೊಲ್ಲಲಿಕ್ಕೆ ತಂದದ್ದಾ?" ಎಂದು ಅಂಗಳದಲ್ಲೇ ಬೆಕ್ಕಿಗೆ ಹಾಕಿಸಿದರು. ಜಗಳಕ್ಕೆ ನಿಂತೆ. ಅಕ್ಕನೇ ನನ್ನ ಕೈ ಹಿಡಿದು, "ಬಿಡು ಮಾರಾಯ್ತಿ, ಗುಣ ಆದ ಮೇಲೆ ತಿನ್ಲಿಕ್ಕೆ ಉಂಟಲ್ಲ" ಎಂದಳು. ಆ ಕೈಯಲ್ಲಿ ಬರೀ ಎಲುಬು.

ಮತ್ತೆ ಸ್ಕ್ಯಾನಿಂಗ್ ಮಾಡಿದಾಗ ಎಡಭಾಗ ಬೇಕಾದಷ್ಟು ಬೆಳೆದಿರಲಿಲ್ಲ. "ಇವರು ಎಂತ ತಿಂತಿದ್ದಾರೆ?" ಎಂದು ಡಾಕ್ಟರು ಕೇಳಿದರು.

ಭಾವ ಅಭಿಮಾನದಿಂದ, "ಉಪ್ಪು ಸಹ ಮುಟ್ಟಿಸಲಿಲ್ಲ ಡಾಕ್ಟ್ರೆ, ಪಥ್ಯ ಭಾರೀ ಬಿಗಿ" ಅಂದರು.

ಆಪರೇಶನ್ ಆಗಲಿಲ್ಲ. ಮುಂದಿನ ಮಳೆಗಾಲಕ್ಕೆ ಅಕ್ಕ ಇರಲಿಲ್ಲ. ಊಟದಿಂದಲೇ ಹಾಗಾಯಿತೆಂದು ಡಾಕ್ಟರು ಹೇಳಲಿಲ್ಲ, ನಾನು ಹೇಳುತ್ತೇನೆ. ಅತ್ತೆ ಕೆಟ್ಟವರಲ್ಲ, ಅದೇ ನನ್ನ ಕರ್ಮ. ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ.

ಇವತ್ತು ಅರಂತೋಡಿನ ಮನೆಯಲ್ಲಿ ಅವಳಿಗೆ ಬಡಿಸುವ ದಿನ. ಸತ್ತವರಿಗೆ ವರ್ಷಕ್ಕೊಮ್ಮೆ ಅವರ ಇಷ್ಟದ್ದನ್ನು ಬಾಳೆಲೆಯಲ್ಲಿ ಇಡಬೇಕಲ್ಲ. ಮೀನು ತರುವುದು ಪ್ರತಿ ವರ್ಷವೂ ನಾನೇ, ಬಾಯಿ ಮುಚ್ಚಿಕೊಂಡು.

"ಇನ್ನೆರಡು ಬೂತಾಯಿ ಇಡು, ಅವಳಿಗೆ ಭಾರೀ ಇಷ್ಟ" ಎಂದರು ಅತ್ತೆ.

ಈ ಸಲ ತಡೆಯಲಾಗಲಿಲ್ಲ. "ಇವತ್ತು ಪಥ್ಯ ಇಲ್ವಾ ಅತ್ತೆ?" ಎಂದೆ.

ಅತ್ತೆಯ ಕೈಯಲ್ಲಿ ಸೌಟು ಹಾಗೇ ನಿಂತಿತು. ಭಾವ ಎದ್ದು ಹೊರಗೆ ಹೋದರು. ನಾನು ಡಬ್ಬ ತೆಗೆದು, ಅಕ್ಕನ ಎಲೆಯ ತುದಿಗೆ ಉಪ್ಪು ಬಡಿಸಿದೆ.