ಡಿಸೆಂಬರ್ ರಜೆ ಬೇಡವೆನ್ನುವ ಚಂದ್ರಪ್ರಭಾ

ಜಪಾನಿನ ಹಮಾಮತ್ಸುವಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಬೆಂತೊ ಎಂಬ ಊಟದ ಡಬ್ಬಿ ಕಟ್ಟುವ ಅಡುಗೆಮನೆಯಲ್ಲಿ ಚಂದ್ರಪ್ರಭಾ ಹಬೆಯಾಡುವ ಅನ್ನವನ್ನು ಸಾಲು ಡಬ್ಬಿಗಳಿಗೆ ತುಂಬುತ್ತಿದ್ದಾರೆ. ತಲೆಗೆ ಬಿಳಿ ಟೋಪಿ, ಬಾಯಿಗೆ ಮಾಸ್ಕು. ಕಾಣುವುದು ಕಣ್ಣು ಮಾತ್ರ. ಮಧ್ಯಾಹ್ನ ಕಾರ್ಖಾನೆಗಳಲ್ಲಿ ಈ ಡಬ್ಬಿ ಬಿಚ್ಚುವವರಿಗೆ, ಅನ್ನ ಬಡಿಸಿದ ಕೈ ಚಿತ್ರದುರ್ಗದ್ದು ಎಂಬುದು ಗೊತ್ತಿಲ್ಲ.

“ನಮ್ಮೂರಲ್ಲಿ ಅನ್ನ ಮುದ್ದೆಯಾದ್ರೆ ಬೈತಿದ್ರು, ಇಲ್ಲಿ ಉದುರುದುರಾದ್ರೆ ಬೈತಾರೆ. ಅದೊಂದು ಕಲಿತ್ಕೊಂಡೆ ನೋಡಿ” ಎಂದು ನಗುತ್ತಾರೆ.

ಗೋಡೆಯ ಟಿವಿಯಲ್ಲಿ ಸುದ್ದಿ ಬರುತ್ತಿದೆ. ಈ ಸಲ ಪ್ರಾಂತ್ಯದ ತೆರಿಗೆ ಆದಾಯ ಏರಿದೆಯಂತೆ, ಅಂದರೆ ಜನ ಚೆನ್ನಾಗಿ ದುಡಿದಿದ್ದಾರಂತೆ. ಇಲ್ಲಿ ಸಂಬಳಗಾರರು ಕಟ್ಟುವ ನಿವಾಸಿ ತೆರಿಗೆಗೆ ಜೂಮಿನ್-ಜೇ ಎನ್ನುತ್ತಾರೆ. ಒಂದು ಪಾಲು ಪ್ರಾಂತ್ಯಕ್ಕೆ, ಇನ್ನೊಂದು ನಗರಕ್ಕೆ. ಊರಿನ ಆರೋಗ್ಯ ತಿಳಿಯಲು ಅರ್ಥಶಾಸ್ತ್ರದವರು ಹಿಡಿದು ನೋಡುವ ನಾಡಿ ಅದು. ತೊಡಕೆಂದರೆ, ಹೋದ ವರ್ಷದ ದುಡಿಮೆಯ ಮೇಲಿನ ತೆರಿಗೆ ಈ ವರ್ಷದ ಜೂನ್‌ನಿಂದ ಸಂಬಳದಲ್ಲಿ ಕಡಿತವಾಗುತ್ತದೆ. ಈ ವರ್ಷ ಕಾರ್ಖಾನೆಗಳಲ್ಲಿ ಓವರ್‌ಟೈಮ್ ನಿಂತು ರಾತ್ರಿ ಪಾಳಿಯ ಡಬ್ಬಿಗಳು ಅರ್ಧಕ್ಕರ್ಧ ಇಳಿದಿವೆ. ಟಿವಿಯ ಪ್ರಕಾರ ಮಾತ್ರ ಊರು ಇನ್ನೂ ಸುಭಿಕ್ಷವಾಗಿದೆ.

ಈ ಒಂದು ವರ್ಷದ ಅಂತರ ಚಂದ್ರಪ್ರಭಾರ ಗಂಡ ಕೇಶವ ಅವರನ್ನೂ ಬೇಸ್ತು ಬೀಳಿಸಿತ್ತು. ಬಿಡಿಭಾಗದ ಕಂಪನಿಗೆ ಎಂಜಿನಿಯರಾಗಿ ಬಂದ ಮೊದಲ ವರ್ಷ ಈ ತೆರಿಗೆ ಇರಲಿಲ್ಲ. “ಜಪಾನಲ್ಲಿ ಟ್ಯಾಕ್ಸೇ ಕಮ್ಮಿ ಕಣೇ ಅಂತ ಬೀಗಿದ್ದೇ ಬೀಗಿದ್ದು. ಬೆಂಗಳೂರಿಂದ ಗ್ರೈಂಡರ್ ತರಿಸಿದ್ರು, ಟ್ರಾನ್ಸ್‌ಫಾರ್ಮರ್ ಸಮೇತ! ಮುಂದಿನ ಜೂನಲ್ಲಿ ಸಂಬಳ ಕಟ್ ಆಯ್ತು ನೋಡಿ, ಅಕೌಂಟ್ಸ್‌ನವರ ಹತ್ರ ಜಗಳಕ್ಕೇ ಹೋದ್ರು. ‘ಇದು ಹೋದ ವರ್ಷದ ಕೇಶವ-ಸಾನ್ ಕಟ್ಟಬೇಕಾದ್ದು’ ಅಂದ್ರಂತೆ. ಸುಮಿಮಾಸೆನ್, ಕ್ಷಮಿಸಿ ಅಂತ ತಲೆ ಬಗ್ಗಿಸ್ಕೊಂಡು ವಾಪಸ್ ಬಂದ್ರು.”

ಕೇಶವ ಈ ಫೆಬ್ರವರಿಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ತೆರಿಗೆಗೆ ನಿವಾಸಿಗಳ ಲೆಕ್ಕ ಹಿಡಿಯುವ ಜನವರಿ ಒಂದಕ್ಕೆ ಅವರು ಈ ಊರಿನ ನಿವಾಸಿಯಾಗಿಯೇ ಇದ್ದರು. ಹಾಗಾಗಿ ಜೂನ್‌ನಲ್ಲಿ ಅವರ ತೆರಿಗೆಯ ಚೀಟಿ ಮನೆಗೆ ಬಂತು.

“ಟಿವೀಲಿ ಏರಿದೆ ಅಂತಾರಲ್ಲ, ಆ ಏರಿಕೆಯಲ್ಲಿ ಇವರ ಓವರ್‌ಟೈಮೂ ಇದೆ. ಈ ವರ್ಷ ಊರಿನ ಲೆಕ್ಕದಲ್ಲಿ ಇವರು ಇನ್ನೂ ಇದಾರೆ. ಮುಂದಿನ ವರ್ಷ ಇರಲ್ಲ.”

ಮಗಳ ಹೆಸರು ಸಾಹಿತ್ಯ, ಕೋಬೆ ನಗರದಲ್ಲಿ ಓದುತ್ತಾಳೆ. ಸಂಜೆಯಾದರೆ ಫೋನು, ನನ್ನ ಹತ್ತಿರ ಬಂದುಬಿಡು ಎಂಬ ಒತ್ತಾಯ. ಅಮ್ಮನ ಕನ್ನಡಕ್ಕೆ ಅವಳ ಉತ್ತರ ಜಪಾನಿಯಲ್ಲಿ. ಚಂದ್ರಪ್ರಭಾಗೆ ಈ ಊರು ಬಿಡುವ ಮನಸ್ಸಿಲ್ಲ. ಕೇಶವ ಸೈಕಲ್ ತುಳಿದ ರಸ್ತೆ, ಅವರು ಸಂಜೆ ಕಾಫಿಗೆ ಹಾಲು ತರುತ್ತಿದ್ದ ಕೊಂಬಿನಿ ಅಂಗಡಿ, ಎಲ್ಲ ಇಲ್ಲೇ ಇವೆ. ಇರಬೇಕೆಂದರೆ ಅರೆಕಾಲದ ಕೂಲಿ ಸಾಲದು, ಕೆಲಸ ಕಾಯಂ ಆಗಬೇಕು. ಯಜಮಾನ ಕುರೆಬಯಾಶಿ-ಸಾನ್ ಒಂದೇ ಷರತ್ತು ಹಾಕಿದ್ದಾರೆ: ವರ್ಷದ ಕೊನೆಯವರೆಗೆ ಒಂದು ದಿನವೂ ನಾಗಾ ಮಾಡಬಾರದು.

ಇಲ್ಲಿ ಅರೆಕಾಲ ದುಡಿಯುವ ಗೃಹಿಣಿಯರದೊಂದು ವಾಡಿಕೆಯಿದೆ. ವರ್ಷದ ಗಳಿಕೆ ಆದಾಯ ತೆರಿಗೆಯ ಮಿತಿ ದಾಟದಿರಲೆಂದು ಅನೇಕರು ಡಿಸೆಂಬರ್‌ನಲ್ಲಿ ರಜೆ ಹಾಕುತ್ತಾರೆ. ಚಂದ್ರಪ್ರಭಾ ಕೂಡ ವರ್ಷಾ ವರ್ಷಾ ಹಾಕುತ್ತಿದ್ದರು. ಗಂಡ ಹೆಂಡತಿ ಒಟ್ಟಿಗೆ ಕೂತು ಬೆಳಗಿನ ತಿಂಡಿ ತಿನ್ನುತ್ತಿದ್ದುದು ಆ ತಿಂಗಳು ಮಾತ್ರ. ಗ್ರೈಂಡರ್ ಸದ್ದು ಮಾಡುತ್ತಿತ್ತು, ಕೇಶವ ಕಾವಲಿಯ ಪಕ್ಕ ತಟ್ಟೆ ಹಿಡಿದು ನಿಲ್ಲುತ್ತಿದ್ದರು.

ತೆರಿಗೆ ತಪ್ಪಿಸಲು ರಂಗೋಲಿ ಕೆಳಗೆ ನುಸುಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ತೆರಿಗೆಗಾಗಿ ಹಂಬಲಿಸುವವರನ್ನು ನೋಡಿದ್ದು ಇದೇ ಮೊದಲು.

“ಮುಂದಿನ ಜೂನಲ್ಲಿ ನನ್ನ ಹೆಸರಿಗೆ ಟ್ಯಾಕ್ಸ್ ಬರಬೇಕು. ಸ್ವಲ್ಪವೇ ಇರಲಿ, ಪರವಾಗಿಲ್ಲ. ಊರಿನ ಲೆಕ್ಕದಲ್ಲಿ ಇವರ ಜಾಗ ಖಾಲಿ ಬಿಡಬಾರದು” ಎನ್ನುತ್ತ ಅವರು ಕೊನೆಯ ಡಬ್ಬಿಯ ಮುಚ್ಚಳ ಒತ್ತುತ್ತಾರೆ.

ಡಿಸೆಂಬರ್ ಬಂದರೆ ಕಷ್ಟವಾಗುವುದಿಲ್ಲವೇ ಎಂದು ಕೇಳುತ್ತೇನೆ. ಅವರು ಗ್ಲೌಸು ಕಳಚಿ ಕೈ ಒರೆಸಿಕೊಳ್ಳುತ್ತಾರೆ.

“ಗ್ರೈಂಡರ್ ತೊಳೆದು ಅಟ್ಟಕ್ಕೆ ಹಾಕಿದೀನಿ. ಈ ಸಲ ರಜೆ ಬೇಡ ಅಂತ ಈಗಲೇ ಹೇಳ್ಬಿಟ್ಟೆ. ಮನೇಲಿದ್ದು ಯಾರಿಗೆ ದೋಸೆ ಹುಯ್ಯಲಿ?”