ಲಾಭದಿಂದ ಶುರುವಾದ ಎಣಿಕೆ

ಪ್ರತಿ ಜೂನ್ ತಿಂಗಳು ಮೈದಾ ಅಂಟು ಕಾಯಿಸಿ, ಭೌತಶಾಸ್ತ್ರದ ಪ್ರಯೋಗಶಾಲೆಯ ಬಾಗಿಲಿಗೆ ನಿಯಮದ ಹಾಳೆ ಅಂಟಿಸುತ್ತಿದ್ದವನು ನಾನು. ತಮಿಳು ಸೀಮೆಯ ಧರ್ಮಪುರಿಯ ಒಂದು ಕಾಲೇಜಿನಲ್ಲಿ ಆ ಪ್ರಯೋಗಶಾಲೆಯ ಅಟೆಂಡರ್ ಆಗಿದ್ದೆ. ಹತ್ತನೇ ಕ್ಲಾಸಿನ ಆಚೆ ಓದಿದವನಲ್ಲ. ಆ ಓದೂ ಹೊಳೆಯಾಚೆ ಸೋದರತ್ತೆಯ ಮನೆಯಲ್ಲಿದ್ದು ಕನ್ನಡ ಶಾಲೆಯಲ್ಲಿ ಆದದ್ದು. ಆದರೆ ಆ ಹಾಳೆಯಲ್ಲಿದ್ದ ಹನ್ನೊಂದು ನಿಯಮಗಳೂ ನನಗೆ ಬಾಯಿಪಾಠ. ನೂರಕ್ಕೆ ಎಪ್ಪತ್ತೈದು ಹಾಜರಿ ಇರಬೇಕು. ಹತ್ತು ನಿಮಿಷ ತಡವಾದರೆ ಒಳಗೆ ಬಿಡುವುದಿಲ್ಲ. ಅಳತೆಗಳನ್ನು ಇಂಕಿನಲ್ಲೇ ಬರೆಯಬೇಕು, ತಪ್ಪಿದ್ದನ್ನು ಉಜ್ಜಬಾರದು, ಒಂದು ಗೀಟು ಎಳೆದು ಪಕ್ಕದಲ್ಲಿ ಬರೆಯಬೇಕು. ಸಾರ್ ಇಲ್ಲದ ಹೊತ್ತಿನಲ್ಲಿ ಪ್ರಯೋಗಶಾಲೆ ತೆರೆಯುವಂತಿಲ್ಲ. ಎಲ್ಲಕ್ಕಿಂತ ಖಡಾಖಂಡಿತವಾದದ್ದು ಒಂಬತ್ತನೆಯದು: ಎಲ್ಲ ಪ್ರಯೋಗಗಳಿಗೂ ಸಹಿ ಬಿದ್ದ ರೆಕಾರ್ಡ್ ಪುಸ್ತಕವನ್ನು ಫೆಬ್ರವರಿ ಕೊನೆಯೊಳಗೆ ಒಪ್ಪಿಸದವರು ಪ್ರಾಕ್ಟಿಕಲ್ ಪರೀಕ್ಷೆಗೆ ಕೂರುವಂತಿಲ್ಲ.

ಬಾಗಿಲಿನ ಹೊರಗೆ ಈ ಹಾಳೆ. ಒಳಗೆ ನನ್ನ ಬೀರುವಿನ ಕೆಳಗಿನ ಅರೆಯಲ್ಲಿ ಹಿಂದಿನ ವರ್ಷಗಳ ಹಳೇ ರೆಕಾರ್ಡುಗಳು. ಪ್ರಯೋಗ ಮಾಡಲು ಬೇಸರವಾದ ಹುಡುಗರು ಕ್ಯಾಂಟೀನಿನಿಂದ ಒಂದು ಟೀ, ಎರಡು ಬೋಂಡಾ ತಂದು ನನ್ನ ಮೇಜಿನ ಮೇಲಿಡುತ್ತಿದ್ದರು. ನಾನು ಹಳೇ ಪುಸ್ತಕ ತೆಗೆದುಕೊಡುತ್ತಿದ್ದೆ. ಅದರಲ್ಲಿದ್ದ ಅಂಕಿಗಳನ್ನು ಅಲ್ಲೊಂದು ಇಲ್ಲೊಂದು ಬದಲಿಸಿ ಬರೆದುಕೊಂಡು ಹೋಗುತ್ತಿದ್ದರು. ಉತ್ತರ ಯಾವಾಗಲೂ ಸರಿಯಾಗಿ ಬರುತ್ತಿತ್ತು. ಅವರಿಗೆ ನಾನು ‘ಅಟೆಂಡರ್’ ಅಲ್ಲ, ‘ಅಣ್ಣ’. ಆ ಮರ್ಯಾದೆ ನನಗೆ ಟೀಗಿಂತ ಹೆಚ್ಚು ರುಚಿಯಾಗಿತ್ತು.

ತೊಂಬತ್ತರ ದಶಕದ ನಡುವಿನ ಒಂದು ವರ್ಷ ಮೊದಲನೇ ಬಿ.ಎಸ್ಸಿ.ಗೆ ಪೆನ್ನಾಗರಂ ಕಡೆಯ ಒಂದು ಹುಡುಗಿ ಸೇರಿದಳು. ಕುರಿ ಸಾಕುವ ಮನೆ. ಅವರ ಊರಿನಿಂದ ಕಾಲೇಜಿಗೆ ಬಂದವರಲ್ಲಿ ಅವಳೇ ಮೊದಲು. ಬೆಳಿಗ್ಗೆ ಆರರ ಬಸ್ಸಿಗೆ ಎರಡು ಮೈಲಿ ನಡೆದು ಬರುತ್ತಾಳೆ ಎಂದು ಜೊತೆಯ ಹುಡುಗಿಯರು ಹೇಳುತ್ತಿದ್ದರು. ತಂದೆ ಇರಲಿಲ್ಲ, ತಾತನೇ ಯಜಮಾನ. ಆ ತಾತ ಅವಳಿಗೆ ಒಂದೇ ಮಾತು ಹೇಳಿ ಕಳಿಸಿದ್ದನಂತೆ: ‘ಒಂದು ವರ್ಷ ನೋಡ್ತೀನಿ. ಪಾಸಾದ್ರೆ ಮುಂದಕ್ಕೆ. ಇಲ್ಲಾಂದ್ರೆ ಮನೇಲಿ ಕೆಲಸ ಐತೆ.’

ಜನವರಿಯಲ್ಲಿ ಲೋಲಕದ ಪ್ರಯೋಗ. ದಾರಕ್ಕೆ ಒಂದು ಗುಂಡು ಕಟ್ಟಿ ತೂಗಬಿಡುವುದು, ಇಪ್ಪತ್ತು ಸಲ ಆಡಲು ಎಷ್ಟು ಸೆಕೆಂಡು ಹಿಡಿಯಿತು ನೋಡುವುದು, ಅದರಿಂದ ಗುರುತ್ವದ ಬೆಲೆ ಕಟ್ಟುವುದು. ಒಂಬತ್ತು ಪಾಯಿಂಟ್ ಎಂಟು ಬರಬೇಕು. ನಾನು ವಾಡಿಕೆಯಂತೆ ಹಳೇ ಪುಸ್ತಕ ಹೊರಗೆ ತೆಗೆದಿಟ್ಟಿದ್ದೆ. ಅವಳು ಅದನ್ನು ನೋಡಿ ತಮಿಳಿನಲ್ಲಿ ಹೇಳಿದಳು, “ಬೇಡಣ್ಣಾ. ನಾನೇ ನೋಡ್ಕೋತೀನಿ.”

ಪಕ್ಕದ ಮೇಜಿನವನು ನಕ್ಕ. “ಅಣ್ಣಾ, ನಿಮ್ಮ ಬೋಂಡಾಗೆ ಕಲ್ಲು ಬಿತ್ತು!”

ನನಗೆ ಮುಖಕ್ಕೆ ಹೊಡೆದಂತಾಯಿತು. ಸಣ್ಣ ಮಾತು. ಆದರೆ ಸಣ್ಣ ಮನುಷ್ಯನಿಗೆ ಅಷ್ಟೇ ಸಾಕು.

ಅವಳು ಗುಂಡನ್ನು ಬಿಟ್ಟಳು. ಅದು ಗುರುತಿನ ಎದುರಿಗೆ ಬಂದ ಕೂಡಲೇ ಗಡಿಯಾರ ಒತ್ತಿ ತುಟಿಯಲ್ಲೇ ಕನ್ನಡದಲ್ಲಿ ಎಣಿಸಲು ಶುರು ಮಾಡಿದಳು. ನಾನು ಬೆನ್ನ ಹಿಂದೆ ಬೀರು ಒರೆಸುತ್ತಿದ್ದೆ. ಕೇಳಿಸಿತು.

“ಲಾಭ... ಎರಡು... ಮೂರು...”

ರಾಗಿ ಅಳೆಯುವಾಗ ನಮ್ಮಮ್ಮ ಮೊದಲ ಬಳ್ಳಕ್ಕೆ ‘ಒಂದು’ ಅನ್ನುತ್ತಿರಲಿಲ್ಲ, ‘ಲಾಭ’ ಅನ್ನುತ್ತಿದ್ದಳು. ದೊಡ್ಡಿಗೆ ಕುರಿ ಹಾಯಿಸುವಾಗಲೂ ಹಾಗೇ. ಒಂಟಿಯಿಂದ ಶುರು ಮಾಡಬಾರದು, ಲಾಭದಿಂದ ಶುರು ಮಾಡಬೇಕು. ಸೊನ್ನೆಯ ಮಾತಂತೂ ಬಾಯಿಗೇ ಬರಬಾರದು. ಭೌತಶಾಸ್ತ್ರದ ಸಾರ್ ಪಾಠದಲ್ಲಿ ‘ಗಡಿಯಾರ ಒತ್ತುವಾಗ ಸೊನ್ನೆ ಎನ್ನಿ’ ಎಂದು ಹೇಳಿಕೊಟ್ಟಿದ್ದರು. ಅವಳು ಆ ಸೊನ್ನೆಯ ಜಾಗದಲ್ಲಿ ಲಾಭ ಇಟ್ಟಿದ್ದಳು. ಲಾಭ ಆದ ಮೇಲೆ ನಾಲಿಗೆಗೆ ಬರುವುದು ಎರಡೇ. ಹಾಗಾಗಿ ಅವಳು ಇಪ್ಪತ್ತು ಎಂದಾಗ ಗುಂಡು ಆಡಿದ್ದು ಹತ್ತೊಂಬತ್ತು ಸಲ ಮಾತ್ರ.

ಅದು ನನಗೆ ಆ ಕ್ಷಣವೇ ತಿಳಿಯಿತು. ಪ್ರಯೋಗಶಾಲೆಯಲ್ಲಿ ಹದಿನೈದು ವರ್ಷ ನಿಂತವನಿಗೆ ಅಷ್ಟು ತಿಳಿಯದೆ ಇರುತ್ತದೆಯೇ? ಅವಳ ಉತ್ತರ ಹತ್ತು ಪಾಯಿಂಟ್ ಎಂಟು ಬಂತು. ಸಾರ್ ಪುಸ್ತಕ ನೋಡಿದರು. “ಇಷ್ಟು ತಪ್ಪು ಬರೋಕೆ ಸಾಧ್ಯವೇ ಇಲ್ಲಮ್ಮ. ಎಲ್ಲರಿಗೂ ಸರಿಯಾಗಿ ಬಂದಿದೆ. ಗಮನ ಇಟ್ಟು ಮತ್ತೆ ಮಾಡು.” ಎಲ್ಲರಿಗೂ ಸರಿಯಾಗಿ ಬಂದದ್ದು ನನ್ನ ಬೀರುವಿನಿಂದ ಎಂದು ಸಾರ್‌ಗೆ ಗೊತ್ತಿರಲಿಲ್ಲ.

ನಾನು ಸುಮ್ಮನಿದ್ದೆ. ಅವಳು ನನ್ನ ಪುಸ್ತಕ ಬೇಡ ಎಂದದ್ದು ಒಂದು ಕಾರಣ. ಇನ್ನೊಂದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಕಾಲೇಜಿನಲ್ಲಿ ನಾನು ಕನ್ನಡದವನೆಂದು ಯಾರಿಗೂ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಫೀಸಿನವರು ನನ್ನ ತಮಿಳಿನ ರಾಗ ಕೇಳಿ, “ಏನಯ್ಯಾ, ಕುರಿಗಳ ಜೊತೆ ಮಾತು ಕಲಿತ್ಯಾ?” ಎಂದು ನಕ್ಕಿದ್ದರು. ಅವತ್ತಿನಿಂದ ರಾಗ ತಿದ್ದಿಕೊಂಡೆ, ಸೇಲಂನವನೆಂದು ಹೇಳಿಕೊಂಡೆ. ‘ಲಾಭ ಅನ್ನಬೇಡ’ ಎಂದು ಅವಳಿಗೆ ಹೇಳಬೇಕಾದರೆ ಲಾಭ ಎಂದರೆ ಏನೆಂದು ನನಗೆ ಹೇಗೆ ಗೊತ್ತು ಎಂಬುದನ್ನೂ ಹೇಳಬೇಕಿತ್ತು.

ಮುಂದಿನ ವಾರ ಅವಳು ಮತ್ತೆ ಮಾಡಿದಳು. ಹತ್ತು ಪಾಯಿಂಟ್ ಎಂಟು. ದಾರ ಬದಲಿಸಿದಳು, ಗುಂಡು ಬದಲಿಸಿದಳು, ಬೇರೆ ಗಡಿಯಾರ ಕೇಳಿದಳು. ಮತ್ತೆ ಅದೇ. ಪುಸ್ತಕದಲ್ಲಿ ಒಂದನ್ನೂ ಉಜ್ಜಲಿಲ್ಲ. ಗೀಟು ಎಳೆದು ಪಕ್ಕದಲ್ಲಿ ಬರೆದಳು, ನಿಯಮದಂತೆ. ಒಂದು ದಿನ ಕಾಲೇಜು ಶುರುವಾಗುವ ಮೊದಲೇ ಬಂದು, “ಅಣ್ಣಾ, ಒಂದು ಗಂಟೆ ಬೇಗ ತೆಗೀತೀರಾ?” ಎಂದಳು. ನಾನು ಬಾಗಿಲಿನ ಹಾಳೆಗೆ ಬೆರಳು ತೋರಿಸಿದೆ. “ಓದೋಕೆ ಬರುತ್ತಲ್ಲ? ಸಾರ್ ಇಲ್ಲದೆ ತೆಗೆಯೋ ಹಾಗಿಲ್ಲ.” ಅದೇ ಬಾಗಿಲನ್ನು ಬೋಂಡಾ ತಂದವರಿಗೆ ಎಷ್ಟು ಸಲ ತೆಗೆದಿದ್ದೆನೋ.

ಜೊತೆಯ ಹುಡುಗಿಯರು, “ಒಂಬತ್ತು ಪಾಯಿಂಟ್ ಎಂಟು ಅಂತ ಬರೆದು ಬಿಸಾಕೇ, ಏನು ದೇವರು ಬಂದು ನೋಡ್ತಾನಾ?” ಎಂದು ಗೋಗರೆದರು. “ಕಾಣದೇ ಇರೋದನ್ನ ಬರೆಯಲ್ಲ” ಎಂದಳು.

ಫೆಬ್ರವರಿ ಮುಗಿಯಿತು. ಅವಳ ರೆಕಾರ್ಡಿನಲ್ಲಿ ಒಂದು ಪ್ರಯೋಗಕ್ಕೆ ಸಹಿ ಇರಲಿಲ್ಲ. ಪ್ರಾಕ್ಟಿಕಲ್‌ಗೆ ಕೂರುವವರ ಪಟ್ಟಿ ಟೈಪಾಯಿತು. ಅದನ್ನು ಆಫೀಸಿಗೆ ಕೊಂಡೊಯ್ದು ಕೊಟ್ಟವನೂ ನಾನೇ. ಅವಳ ಹೆಸರು ಇಲ್ಲದ್ದನ್ನು ದಾರಿಯಲ್ಲಿ ಎರಡು ಸಲ ನೋಡಿಕೊಂಡೆ.

ಮಾರನೇ ದಿನ ಮಧ್ಯಾಹ್ನ ಅವಳು ಮತ್ತೆ ಬಂದಳು. ಸಾರ್ ಒಳಕೋಣೆಯಲ್ಲಿದ್ದರು.

“ಲಿಸ್ಟು ಹೋಯ್ತಲ್ಲಮ್ಮ. ಇನ್ಯಾಕೆ ಬಂದೆ?”

“ಪರೀಕ್ಷೆಗಲ್ಲಣ್ಣಾ. ಎಲ್ಲಿ ತಪ್ತಾ ಇದೆ ಅಂತ ಗೊತ್ತಾಗ್ಲೇಬೇಕು.”

ಗುಂಡು ಬಿಟ್ಟಳು. “ಲಾಭ...”

ನನ್ನ ಬಾಯಿಂದ ಮಾತು ಹೊರಬಿದ್ದಿತ್ತು, ಅದೂ ಕನ್ನಡದಲ್ಲಿ. “ಲಾಭ ಅನ್ಬ್ಯಾಡ ಕಣವ್ವಾ. ಸೊನ್ನೆ ಅನ್ನು.”

ಅವಳು ತಿರುಗಿ ನೋಡಿದಳು. ಗುಂಡು ತನ್ನ ಪಾಡಿಗೆ ಆಡುತ್ತಿತ್ತು. “ನೀವೂ ನಮ್ಮ ಕಡೇವ್ರಾ?” ಎಂದಳು. ಉತ್ತರಕ್ಕೆ ಕಾಯಲಿಲ್ಲ. ಗುಂಡನ್ನು ಹಿಡಿದು ಮತ್ತೆ ಬಿಟ್ಟು, ಸೊನ್ನೆಯಿಂದ ಎಣಿಸಿದಳು. ನಲವತ್ತು ಸೆಕೆಂಡು. ನಿಂತುಕೊಂಡೇ ಲೆಕ್ಕ ಹಾಕಿದಳು. ಒಂಬತ್ತು ಪಾಯಿಂಟ್ ಎಂಟು. ಸ್ಟೂಲಿನ ಮೇಲೆ ಕುಳಿತು ಆ ಅಂಕಿಯನ್ನೇ ನೋಡಿದಳು. ಅಳಲಿಲ್ಲ.

“ನಿಮಗೆ ಯಾವಾಗ ಗೊತ್ತಾಯ್ತು?”

“ಈಗ ಕೇಳುಸ್ತು” ಎಂದೆ.

ಸಾರ್ ಬಂದು ನೋಡಿ, ಸಹಿ ಹಾಕಿ, ಅವತ್ತಿನ ತಾರೀಖನ್ನೇ ಬರೆದರು. ಪಟ್ಟಿ ಬದಲಿಸಲು ಅವರ ಕೈಲಿ ಆಗುತ್ತಿರಲಿಲ್ಲ. ಎರಡನೇ ವರ್ಷಕ್ಕೆ ಹೋಗಬಹುದು, ಇದೊಂದನ್ನು ಮುಂದಿನ ವರ್ಷ ಬರೆಯಬಹುದು ಎಂದರು. ಅವಳು ಪುಸ್ತಕ ಮಡಚಿಕೊಂಡು, “ತಾತ ಕಳಿಸಲ್ಲ ಸಾರ್” ಎಂದಳು.

ಆ ಭಾನುವಾರ ನಾನು ಪೆನ್ನಾಗರಂ ಬಸ್ಸು ಹತ್ತಿದೆ. ಇಳಿದು, ಕೇಳಿಕೊಂಡು ನಡೆದೆ. ಏನಾದರಾಗಲಿ, ಅವಳ ಓದು ನನ್ನಿಂದ ನಿಲ್ಲಬಾರದು ಎಂದು ಹಲ್ಲು ಕಚ್ಚಿ ನಡೆದೆ. ನಾನು ಹೋದಾಗ ಅವಳ ಮುದುಕ ತಾತ ದೊಡ್ಡಿಯ ಬಾಯಲ್ಲಿ ನಿಂತು ಕುರಿ ಹೊರಗೆ ಬಿಡುತ್ತಿದ್ದ. ಅವಳು ಮರಿಗಳನ್ನು ಹಿಡಿದುಕೊಂಡಿದ್ದಳು. ಎಣಿಕೆ ಮುಗಿಯುವವರೆಗೆ ಮುದುಕ ನನ್ನ ಕಡೆ ಕಣ್ಣು ಹಾಯಿಸಲಿಲ್ಲ.

“ಯಾರಪ್ಪಾ? ಕುರಿ ಬೇಕಾಗಿತ್ತಾ?”

ಹೇಳಿದೆ. ಹುಡುಗಿಯ ತಪ್ಪಲ್ಲ, ಅವಳೊಬ್ಬಳೇ ನಿಜವಾಗಿ ಅಳೆದವಳು, ಎಣಿಕೆ ಲಾಭದಿಂದ ಶುರುವಾದದ್ದರಿಂದ ಹೀಗಾಯಿತು ಎಂದೆ. ಮುದುಕ ಸಿಟ್ಟಾದ.

“ನಮ್ಮಪ್ಪ, ನಮ್ಮಜ್ಜ ಎಲ್ಲಾ ಲಾಭ ಅಂತ್ಲೇ ಎಣಿಸವ್ರೆ. ಒಂದು ಮರೀನೂ ತಪ್ಪಿಲ್ಲ. ನಿಮ್ಮ ಕಾಲೇಜಿಗೆ ಮಾತ್ರ ತಪ್ಪಾ?”

ಅವಳು ಮರಿಗಳನ್ನು ಬಿಟ್ಟು ಮುಂದೆ ಬಂದಳು. “ತಾತ, ನೀನು ಕುರಿ ದಾಟಿದ ಮ್ಯಾಲೆ ಲಾಭ ಅಂತೀಯ. ನಾನು ದಾಟೋಕ್ ಮುಂಚೇನೇ ಅಂದ್‌ಬಿಟ್ಟೆ.”

“ಅಂದ್ರೆ ಇಲ್ದೇ ಇರೋ ಕುರೀನ ಎಣಿಸ್ದ್ಯಾ?”

“ಊಂ.”

ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ. “ಥೂ! ಕುರಿ ಕಾಯೋರ ಮನೇಲಿ ಉಟ್ಟಿ!” ನಂತರ ನನ್ನ ಕಡೆ ತಿರುಗಿದ. “ನಿನಗೆ ಇದು ಮೊದ್ಲೇ ಕೇಳಿಸ್ಲಿಲ್ವಾ?”

ಅವಳು ಅಲ್ಲೇ ನಿಂತಿದ್ದಳು. “ಮೊದ್ಲೇ ಕೇಳಿಸಿದ್ರೆ ಏಳ್ತಿರ್ಲಿಲ್ವಾ ಯಜಮಾನ್ರೇ” ಎಂದೆ.

“ಸರಿ. ಈಗಾದ್ರೂ ಬಂದು ಏಳಿದ್ಯಲ್ಲ, ದೊಡ್ಡ ಮನುಸ ನೀನು. ಓಗ್ಲಿ ಬಿಡು, ಇನ್ನೊಂದು ವರ್ಷ ಓಗ್ಲಿ. ಆದ್ರೆ ನಿನ್ನ ಬಾಗ್ಲು ಇವ್ಳಿಗೆ ತೆಗೆದೇ ಇರ್ಬೇಕು.”

ಮುದ್ದೆ ಹಾಕಿಸಿದ. ಹುಡುಗಿಯೇ ಬಡಿಸಿದಳು. ಕೈ ಮುಗಿದು, “ನೀವು ಬರ್ದಿದ್ರೆ ತಾತ ಒಪ್ತಿರ್ಲಿಲ್ಲ” ಎಂದಳು. ತಿಂದೆ.

ಆ ಜೂನ್‌ನಲ್ಲಿ ಹಾಳೆ ಅಂಟಿಸುವ ಮೊದಲು ಬೀರುವಿನ ಹಳೇ ರೆಕಾರ್ಡುಗಳನ್ನು ಅಂಟು ಕಾಯಿಸುವ ಒಲೆಗೇ ಹಾಕಿದೆ. ಹುಡುಗರು ಅಣ್ಣಾ ಎನ್ನುವುದನ್ನು ಬಿಟ್ಟರು. ಸಾರ್ ಹತ್ತಿರ ಒಪ್ಪಿಗೆ ಕೇಳಿ, ವಾರಕ್ಕೆರಡು ದಿನ ಒಂದು ಗಂಟೆ ಮುಂಚೆ ಬಾಗಿಲು ತೆಗೆದೆ. ಅವಳು ಆ ಪರೀಕ್ಷೆ ಬರೆದಳು, ಉಳಿದದ್ದನ್ನೂ ಬರೆದಳು, ಟೀಚರಾದಳು. ಈಗ ಮೊರಪ್ಪೂರಿನ ಹತ್ತಿರ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ಪೊಂಗಲ್‌ಗೆ ತಪ್ಪದೆ ಫೋನ್ ಮಾಡಿ, ‘ನಿಮ್ಮಿಂದ ಓದಿದೆ’ ಎನ್ನುತ್ತಾಳೆ.

ನನ್ನಿಂದ ಅವಳು ಒಂದು ವರ್ಷ ತಲೆ ತಗ್ಗಿಸಿ ನಡೆದಳು. ಮೊದಲ ದಿನವೇ, ಮೊದಲ ಎಣಿಕೆಯಲ್ಲೇ ನನಗೆ ಕೇಳಿಸಿತ್ತು. ಅವಳಿಗೆ ಹೇಳಿದ್ದು ಸುಳ್ಳು, ಅವಳ ತಾತನಿಗೆ ಹೇಳಿದ್ದೂ ಸುಳ್ಳು. ತಾತ ಈಗಿಲ್ಲ. ತಡಮಾಡಿ ಒಬ್ಬರನ್ನಾಗಲೇ ಕಳೆದುಕೊಂಡಿದ್ದೇನೆ.

ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ಅವಳಿಗೆ ಕನ್ನಡ ಆಡಲು ಬರುತ್ತದೆ, ಓದಲು ಬರುವುದಿಲ್ಲ. ಕೊಟ್ಟು ಬರುವ ಹಾಗಿಲ್ಲ, ಎದುರು ಕೂತು ನಾನೇ ಓದಬೇಕು. ಈ ಭಾನುವಾರ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಬರುತ್ತೇನೆಂದು ಫೋನ್ ಮಾಡಿ ಹೇಳಿದ್ದೂ ಆಯಿತು.