ಬಣ್ಣದ ಕೆಳಗಿನ ಕಬ್ಬಿಣ

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯಿತು ಅನ್ನುವ ಕಡೆ ಒಂದು ಬೇವಿನ ಮರವಿದೆ. ಅದರ ಕೆಳಗೆ ಮೂಕಣ್ಣನ ತಗಡಿನ ಶೆಡ್ಡು. ಬೋರ್ಡಿಲ್ಲ. ಗಾಡಿಯ ವೈರಿಂಗ್ ಕೆಟ್ಟರೆ "ಬೇವಿನ ಮರಕ್ಕ ಒಯ್ಯಿ" ಎನ್ನುತ್ತಾರೆ ಲಾರಿಯವರು, ಅಷ್ಟೆ.

ಹರೆಯದಲ್ಲಿ ಮೂಕಣ್ಣ ಮೈಕ್ ಸೆಟ್ಟು ಹೊತ್ತು ಕಂಪ್ಲಿ ಸುತ್ತಿನ ಹಳ್ಳಿಗಳ ಮದುವೆಗೂ ಬಯಲಾಟಕ್ಕೂ ದೀಪ ಹಚ್ಚಿದವನು. ಕಟ್ಟಿದ ವೈರಿನಲ್ಲಿ ಎಲ್ಲಿ ಕರೆಂಟು ನಿಂತಿದೆ ಎಂದು ಹುಡುಕುವುದು ಆಗ ಕಲಿತ ವಿದ್ಯೆ. ಈಗ ಐವತ್ತೆರಡರ ವಯಸ್ಸು. ಕೈಯಲ್ಲಿ ಮೀಟರ್ ಇದ್ದರೂ ಅವನು ಮೊದಲು ನಂಬುವುದು ಬೆರಳನ್ನು. ಬಾನೆಟ್ಟು ಎತ್ತುವ ಮುಂಚೆ ಅವನದೊಂದು ಪ್ರಶ್ನೆ ಇರುತ್ತದೆ: "ಕಡೀಗೆ ಯಾರು ಕೈ ಹಚ್ಚಿದ್ರು? ಎಲ್ಲಿ ಹಚ್ಚಿದ್ರು?" ಗಾಡಿ ತಾನಾಗಿ ಕೆಡುವುದು ಕಡಿಮೆ, ಯಾರೋ ಒಬ್ಬರು ಒಳ್ಳೆಯದು ಮಾಡಲು ಹೋದಾಗಲೇ ಹೆಚ್ಚು ಕೆಡುತ್ತದೆ ಎಂಬುದು ಅವನ ಲೆಕ್ಕ.

ಆ ಗುರುವಾರ ಬೆಳಿಗ್ಗೆ ಆ ಪ್ರಶ್ನೆ ಕೇಳಲು ಅವನಿಗೆ ಬಾಯಿ ಬರಲಿಲ್ಲ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ಮರದ ಕೆಳಗೆ ಬಂದು ನಿಂತ ಜೀಪಿಗೆ ಕಡೆಯದಾಗಿ ಕೈ ಹಚ್ಚಿದವನು ಅವನ ಹೆಂಡತಿ ದ್ಯಾಮಕ್ಕನ ತಮ್ಮ, ರಾಮಾಂಜಿನಿ.

ರಾಮಾಂಜಿನಿ ಗಣಿಯ ವರ್ಕ್‌ಶಾಪಿನಲ್ಲಿ ಒಂಬತ್ತು ವರ್ಷ ಟೈರು ಬಿಚ್ಚಿ, ಮೂರು ತಿಂಗಳ ಹಿಂದಷ್ಟೇ ಸಂಡೂರಿನಲ್ಲಿ ಸ್ವಂತ ಗ್ಯಾರೇಜು ಇಟ್ಟಿದ್ದ. ಒಂದು ಗಾಡಿಯ ಇಂಜಿನ್ನನ್ನು ಇನ್ನೊಂದಕ್ಕೆ ಕೂರಿಸುವ ದೊಡ್ಡ ಕೆಲಸ ಅವನಿಗೆ ಇದೇ ಮೊದಲು. ಮೆಟ್ರಿ ಹಳ್ಳಿಯ ಗಾದಿಲಿಂಗಪ್ಪನ ಹಳೆಯ ಜೀಪಿಗೆ, ಗಣಿಯವರು ಮಾರಿದ ಜೀಪಿನ ಗಟ್ಟಿ ಇಂಜಿನ್ನು ಹಾಕಿದ್ದ. ಹಾಕಿದ ದಿನದಿಂದ ತಕರಾರು. ಬ್ಯಾಟರಿ ಬದಲಾಯಿತು, ಇಂಜಿನ್ನು ಎಬ್ಬಿಸುವ ಸೆಲ್ಫು ಬದಲಾಯಿತು, ಡೈನಮೋ ಬಿಚ್ಚಿ ನೋಡಿದ್ದಾಯಿತು.

ಗಾದಿಲಿಂಗಪ್ಪ ಟ್ರ್ಯಾಕ್ಟರಿನಿಂದ ಇಳಿದು ಟವೆಲಿನಿಂದ ಮುಖ ಒರೆಸಿಕೊಂಡ. ಬಾಳೆ, ಭತ್ತ ಬೆಳೆಯುವ ದಪ್ಪ ದನಿಯ ಮನುಷ್ಯ.

"ಮೇಸ್ತ್ರಿ, ಇದೇನ್ ಇಂಜಿನ್ನೋ ಹೊಸಾ ಸೊಸಿನೋ ಹೇಳ್ರಿ. ದೀಪ ಹಚ್ಚಿದ್ರ ಸಾಕು, ಮಾರಿ ಕೆಂಪಗ ಮಾಡ್ಕೋತೈತಿ. ಹೀಟಿನ ಮುಳ್ಳು ತುದಿಗೆ ಹೋಗಿ ನಿಂದರ್ತೈತಿ. ಮುಟ್ಟಿದ್ರ ರೇಡಿಯೇಟರ್ ತಣ್ಣಗ!"

"ಸೆಲ್ಫ್ ಹೊಡದ್ರ?"

"ಮುದುಕ ಮಂಚದಿಂದ ಎದ್ದಂಗ ಎದ್ದೇಳ್ತೈತಿ. ಇವತ್ತು ಅದೂ ಇಲ್ಲ." ಅವನು ರಾಮಾಂಜಿನಿಯ ಕಡೆ ತಿರುಗಿ ದನಿ ತಗ್ಗಿಸಿದ. "ನೋಡಪ್ಪ, ನಾನು ಬೈಯಂಗಿಲ್ಲ. ಹೊತ್ತು ಮುಳುಗೋದ್ರಾಗ ಸರಿ ಆತಂದ್ರ ಆತು. ಇಲ್ಲಂದ್ರ ಇದನ್ನ ಇಳಿಸಿ ನನ್ನ ಹಳೇ ಇಂಜಿನ್ನೇ ಕೂರ್ಸಿ ಕೊಟ್ಬಿಡು."

ರಾಮಾಂಜಿನಿ ತಲೆಯಾಡಿಸಿದ. ಇಳಿಸಿದ ಇಂಜಿನ್ನಿನ ಸುದ್ದಿ ಸಂಡೂರಿನಲ್ಲಿ ಅದಿರಿನ ಧೂಳಿಗಿಂತ ಬೇಗ ಹರಡುತ್ತದೆ. ಆಮೇಲೆ ಗ್ಯಾರೇಜಿಗೆ ಬೀಗ, ಮತ್ತೆ ಗಣಿಯ ಟೈರು. ಅದು ಮೂಕಣ್ಣನಿಗೂ ಗೊತ್ತಿತ್ತು. ಶೆಡ್ಡಿನ ಮೂಲೆಯಲ್ಲಿ ಚಹಾ ಕಾಸುತ್ತಿದ್ದ ದ್ಯಾಮಕ್ಕನಿಗೂ ಗೊತ್ತಿತ್ತು. ಅವಳು ಒಮ್ಮೆ ಗಂಡನ ಮುಖ ನೋಡಿ, ಮತ್ತೆ ಒಲೆ ನೋಡಿದಳು.

ಮೂಕಣ್ಣ ಬಾನೆಟ್ಟು ಎತ್ತಿದ. ಒಳಗೆಲ್ಲ ಕರೀ ಬಣ್ಣ ಮಿಂಚುತ್ತಿತ್ತು. ಗಾಡಿಯ ಅಡಿಚೌಕಟ್ಟಾದ ಚಾಸಿಗೆ ಎರಡು ಕೈ, ಇಂಜಿನ್ನಿಗೆ ಎರಡು ಕೈ. ಸಂಡೂರಿನಲ್ಲಿ ಹಾಗೆಯೇ, ಅದಿರಿನ ಧೂಳಿಗೆ ತೇವ ಸೇರಿ ಕಬ್ಬಿಣ ತಿಂದುಹೋಗುತ್ತದೆಂದು ಇಳಿಸಿದ್ದಕ್ಕೆಲ್ಲ ದಪ್ಪ ಬಣ್ಣ ಬಳಿದೇ ಏರಿಸುತ್ತಾರೆ. ಒಂದು ಹನಿ ಸೋರಿಲ್ಲ, ಒಂದು ವೈರು ಜೋತುಬಿದ್ದಿಲ್ಲ. ಎಷ್ಟು ಪ್ರೀತಿಯಿಂದ ಮಾಡಿದ್ದಾನೆ ಹುಡುಗ ಎಂದು ಅವನ ಎದೆ ಮೆತ್ತಗಾಯಿತು.

ಟೆಸ್ಟ್ ಲ್ಯಾಂಪಿನ ಮುಳ್ಳನ್ನು ವೈರುಗಳಿಗೆ ಮುಟ್ಟಿಸುತ್ತಾ ಹೋದ. ಎಲ್ಲ ಕಡೆ ದೀಪ ಹತ್ತಿತು. ಫ್ಯೂಸು ಸರಿ, ಬ್ಯಾಟರಿ ತುಂಬಿದೆ.

"ಸೆಲ್ಫ್ ಹೊಡಿ," ಎಂದ.

ರಾಮಾಂಜಿನಿ ಚಾವಿ ತಿರುಗಿಸಿದ. ಇಂಜಿನ್ನು ಒಮ್ಮೆ ನರಳಿ ನಿಂತಿತು. ಇನ್ನೊಮ್ಮೆ. ಮೂರನೆಯ ಸಲ ಮೂಕಣ್ಣನ ಮೊಣಕೈ ಆಕ್ಸಿಲರೇಟರಿನ ತಂತಿಗೆ ತಾಗಿತು. ಅವನು ಕೈ ಹಿಂದೆಗೆದ. ತಂತಿ ಸುಡುತ್ತಿತ್ತು.

ಕಾಲಿನಿಂದ ಒತ್ತಿದರೆ ಎಳೆಯುವ ತಂತಿ ಅದು. ಅದರಲ್ಲಿ ಕರೆಂಟು ಹರಿಯುವ ಕೆಲಸವೇ ಇಲ್ಲ. ಹರಿದಿದೆ ಎಂದರೆ, ಬಂದ ಕರೆಂಟಿಗೆ ಇಂಜಿನ್ನಿನಿಂದ ವಾಪಸು ಹೋಗುವ ದೊಡ್ಡ ದಾರಿ ಮುಚ್ಚಿದೆ. ತೂಬು ಕಟ್ಟಿಕೊಂಡಾಗ ಕಾಲುವೆಯ ನೀರು ಗದ್ದೆಯ ಬದುವಿನ ಇಲಿಬಿಲ ಹುಡುಕುವ ಹಾಗೆ, ಅದು ಈ ಬಡ ತಂತಿಯನ್ನು ಹುಡುಕಿಕೊಂಡಿದೆ.

ಬಗ್ಗಿ ನೋಡಿದ. ಇಂಜಿನ್ನಿಗೂ ಚಾಸಿಗೂ ನಡುವೆ ಅರ್ಥಿಂಗ್ ಪಟ್ಟಿ ಇತ್ತು. ಹೊಸದು. ಬೋಲ್ಟೂ ಬಿಗಿ. ಆದರೆ ಪಟ್ಟಿ ಕೂತಿದ್ದು ಕಬ್ಬಿಣದ ಮೇಲಲ್ಲ, ಬಣ್ಣದ ಮೇಲೆ. ಬಣ್ಣದೊಳಗೆ ಕರೆಂಟು ಹರಿಯುವುದಿಲ್ಲ; ಹೀಟಿನ ಮುಳ್ಳು ಸುಳ್ಳು ಹೇಳಿದ್ದೂ ಅದಕ್ಕೇ.

ಮೂಕಣ್ಣ ನೆಟ್ಟಗೆ ನಿಂತ. ಎರಡು ನಿಮಿಷದ ಕೆಲಸ. ಬಿಚ್ಚಿ, ಉಜ್ಜಿ, ಮತ್ತೆ ಬಿಗಿದರೆ ಮುಗಿಯಿತು. ಯಾವುದೋ ವೈರು ಸಡಿಲಾಗಿತ್ತು ಅಂದರೆ ಯಾರೂ ಕೇಳುವುದಿಲ್ಲ. ದ್ಯಾಮಕ್ಕ ಅವನನ್ನೇ ನೋಡುತ್ತಿದ್ದಳು. ಹದಿನೆಂಟು ವರ್ಷ ಸಂಸಾರ ಮಾಡಿದವಳು; ಸಿಕ್ಕಿತು ಎಂದು ಗಂಡನ ಹೆಗಲು ನೋಡಿಯೇ ತಿಳಿಯುತ್ತಿತ್ತು. ಸಾಕಲ್ಲ, ಸುಮ್ಮನೆ ಸರಿಮಾಡಿಬಿಡಿ ಎಂದಿತು ಅವಳ ಕಣ್ಣು. ಆದರೆ ಈ ಹುಡುಗ ನಾಳೆ ಇನ್ನೊಂದು ಇಂಜಿನ್ನಿಗೂ ಇಷ್ಟೇ ಪ್ರೀತಿಯಿಂದ ಬಣ್ಣ ಬಳಿಯುತ್ತಾನಲ್ಲ?

"ಸಾವ್ಕಾರ್ರೆ, ಬಿಸಲಾಗ ಯಾಕ ನಿಂತೀರಿ? ಒಳಗ ಕುಂದ್ರಿ, ಚಾ ಕುಡೀರಿ," ಎಂದ. ಗಾದಿಲಿಂಗಪ್ಪ ಶೆಡ್ಡಿನ ಒಳಗೆ ಹೋದ.

"ರಾಮಾಂಜಿನಿ, ಬಾ ಇಲ್ಲೆ. ಈ ತಂತಿ ಮುಟ್ಟು."

ಮುಟ್ಟಿದ. "ಅಯ್ಯೋ! ಇದ್ಯಾಕ ಮಾವ ಸುಡ್ತೈತಿ?"

"ನನ್ನ ಕೇಳ್ತಿಯೇನ್ಲೇ? ಕರೆಂಟ್ ಯಾಕ ಈ ಸಂದ್ಯಾಗ ಬಂತು, ಅದನ್ನ ಕೇಳು."

ರಾಮಾಂಜಿನಿ ತಂತಿ ನೋಡಿದ, ಇಂಜಿನ್ನು ನೋಡಿದ, ಪಟ್ಟಿ ನೋಡಿದ. "ಅರ್ಥಿಂಗ್ ಹಾಕೀನಲ್ಲ ಮಾವ. ನಾನೇ ಬಿಗಿದೀನಿ."

ಮೂಕಣ್ಣ ಸ್ಪ್ಯಾನರು ಅವನ ಕೈಗಿಟ್ಟ. ಬೋಲ್ಟು ಬಿಚ್ಚಿ, ಪಟ್ಟಿ ಎತ್ತಿದಾಗ ಅದರ ಕೆಳಗೆ ಕರೀ ಬಣ್ಣ ಕನ್ನಡಿಯ ಹಾಗೆ ಹೊಳೆಯಿತು. ರಾಮಾಂಜಿನಿಯ ಮುಖ ಸಪ್ಪಗಾಯಿತು. ಆ ಹೊಳಪನ್ನು ಉಗುರಿನಿಂದ ಕೆರೆದು ನೋಡಿದ.

"ಎಮರಿ ಪೇಪರ್ ಅಲ್ಲೈತಿ," ಎಂದ ಮೂಕಣ್ಣ, ಮೆಲ್ಲಗೆ.

ರಾಮಾಂಜಿನಿಯೇ ಉಜ್ಜಿದ. ಬಣ್ಣ ಹೋಗಿ ಕಬ್ಬಿಣ ಬೆಳ್ಳಗೆ ಮುಖ ತೋರಿಸಿತು. ಇಂಜಿನ್ನಿನ ತುದಿಯಲ್ಲೂ ಉಜ್ಜಿದ. ಬಿಗಿದು ಚಾವಿ ತಿರುಗಿಸಿದರೆ, ಅರ್ಧ ಸುತ್ತಿಗೆ ಇಂಜಿನ್ನು ಗುಡುಗಿತು. ದೀಪ ಹಚ್ಚಿದ. ಹೀಟಿನ ಮುಳ್ಳು ಇದ್ದಲ್ಲೇ ಇತ್ತು.

ಸದ್ದು ಕೇಳಿ ಗಾದಿಲಿಂಗಪ್ಪ ಲೋಟ ಹಿಡಿದೇ ಓಡಿಬಂದ. "ಏನಾಗಿತ್ತ್ರಿ ಮೇಸ್ತ್ರಿ?"

ಸುಳ್ಳೂ ಅಲ್ಲದ, ಹುಡುಗನಿಗೆ ನೋವೂ ಆಗದ ಒಂದು ಮಾತಿಗಾಗಿ ಮೂಕಣ್ಣ ತಡಕಾಡಿದ. ಅಷ್ಟರಲ್ಲಿ ರಾಮಾಂಜಿನಿ ಗಾಡಿಯಿಂದ ಇಳಿದ.

"ನಂದ ತಪ್ಪ್ರಿ ಸಾವ್ಕಾರ್ರೆ. ಬಣ್ಣದ ಮ್ಯಾಲೆ ಅರ್ಥಿಂಗ್ ಕೂರಿಸಿದ್ದೆ. ಬ್ಯಾಟರಿ, ಸೆಲ್ಫು ಏನೂ ಕೆಟ್ಟಿರಲಿಲ್ಲ."

ಗಾದಿಲಿಂಗಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಚೆಂದ ಕಾಣ್ಲಿ ಅಂತ ಹಚ್ಚಿದೇನು?"

"ತುಕ್ಕು ಹಿಡೀಬಾರ್ದಂತ್ರಿ."

"ನನ್ನ ಹೆಂಡ್ತಿ ಪಂಪಮ್ಮ ದೀಪಾವಳಿಗೆ ಪಂಪ್‌ಸೆಟ್ಟಿನ ಸ್ವಿಚ್ಚಿಗೆಲ್ಲ ಸುಣ್ಣ ಬಳಿದಿದ್ಲು. ಮೂರು ದಿನ ಬಾಳಿಗೆ ನೀರಿಲ್ಲ. ಅಷ್ಟಕ್ಕ ಆಕಿನ್ನ ತವರಿಗೆ ಕಳಿಸಿದ್ನೇನು?" ಎನ್ನುತ್ತಾ ಅವನು ಹೊಟ್ಟೆ ಕುಣಿಸಿ ನಕ್ಕ. "ಇರ್ಲಿ ಬಿಡು, ಇದ ಇಂಜಿನ್ ಇರ್ಲಿ. ತಪ್ಪು ಒಪ್ಕೊಳ್ಳೋ ಮೆಕ್ಯಾನಿಕ್ ನನಗ ಇದ ಮೊದಲು ಸಿಕ್ಕಿದ್ದು. ಗಾಡಿ ಹತ್ತು, ಮೆಟ್ರಿತನಕ ನೀನೇ ಹೊಡಿ. ದೀಪ ಹಚ್ಕೊಂಡೇ ಹೋಗೋಣು."

ನಡುಮಧ್ಯಾಹ್ನದ ಬಿಸಿಲಿನಲ್ಲಿ ದೀಪ ಉರಿಸಿಕೊಂಡು ಜೀಪು ಹೋಯಿತು. ಅದರ ಹಿಂದೆ ಟ್ರ್ಯಾಕ್ಟರಿನಲ್ಲಿ ಗಾದಿಲಿಂಗಪ್ಪ, ಹಗ್ಗ ಸುತ್ತಿಟ್ಟುಕೊಂಡು.

ದ್ಯಾಮಕ್ಕ ಬುತ್ತಿ ಬಿಚ್ಚಿದಳು. "ನೀವ ಉಜ್ಜಿ ಸುಮ್ನಿರಬಹುದಿತ್ತಲ್ಲ. ನನ್ನ ಜೀವ ಬಾಯಿಗೆ ಬಂದಿತ್ತು."

"ಇರಬಹುದಿತ್ತು," ಎಂದ ಮೂಕಣ್ಣ, ಕೈ ತೊಳೆಯುತ್ತಾ.

"ಮತ್ತ?"

"ನಿನ್ನ ತಮ್ಮ ನನಗಿಂತ ಜಲ್ದಿ ಬಾಯಿ ಬಿಟ್ಟ, ಏನ್ ಮಾಡ್ಲಿ?"

ಅವಳು ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು. ಮೂಕಣ್ಣ ಬೇವಿನ ನೆರಳಿನಲ್ಲಿ ಕಾಲು ಚಾಚಿ ಕೂತು, ಅಂದು ಒಂದು ರೊಟ್ಟಿ ಹೆಚ್ಚಿಗೆ ಉಂಡ.